ಒಪ್ಪಿಗೆ ಕೊಡುವ ಮೊದಲೇ ಕರೆಸಿದ ಪ್ಯಾಕರ್ಸ್: ಕಾರವಾರದಿಂದ ಭರೂಚ್‌ಗೆ

ಮನೆ ಸಾಮಾನು ಸಾಗಿಸುವ ಪ್ಯಾಕರ್ಸ್ ಸಂಸ್ಥೆಯವರನ್ನು ಸಾಮಾನ್ಯವಾಗಿ ಕರೆಸುವುದು ಊರು ಬಿಡುವುದು ನಿಶ್ಚಯವಾದ ಮೇಲೆ. ನಾವು ಕರೆಸಿದ್ದು ನಿಶ್ಚಯವಾಗುವ ಮೊದಲು. ನನ್ನ ಪತಿಗೆ ಗುಜರಾತಿನ ಕಾರ್ಖಾನೆಯೊಂದರಿಂದ ಕೆಲಸದ ಪತ್ರ ಬಂದಿತ್ತು. ಒಪ್ಪಿಗೆ ತಿಳಿಸಲು ಕೊಟ್ಟ ಗಡುವು ಇನ್ನೂ ಮುಗಿದಿರಲಿಲ್ಲ. ಹೋಗುವುದಾದರೆ ಏನೇನು ಹೋಗಬೇಕು, ಅದಕ್ಕೆಷ್ಟು ಖರ್ಚು ಎಂಬುದನ್ನು ಬಾಯಿಮಾತಿನ ಅಂದಾಜು ಬಿಟ್ಟು ಕಾಗದದ ಮೇಲೆ ನೋಡಬೇಕೆನಿಸಿತು. ಹುಬ್ಬಳ್ಳಿಯಲ್ಲಿ ಗೋದಾಮು ಇಟ್ಟುಕೊಂಡು ಕಾರವಾರ, ಅಂಕೋಲಾ, ಮಲ್ಲಾಪುರದ ಕಡೆ ವ್ಯವಹಾರ ಮಾಡುವ ಸಂಸ್ಥೆಯೊಂದರ ಮನೆ ಸರ್ವೇ, ಅವರ ಕೊಟೇಶನ್, ಆಮೇಲೆ ಒಂದು ಸಣ್ಣ ಪಾರ್ಟ್ ಲೋಡ್ (ಬೇರೆಯವರ ಸಾಮಾನಿನ ಜೊತೆ ಒಂದೇ ಲಾರಿಯಲ್ಲಿ ಹೋಗುವ) ಸಾಗಣೆ, ಈ ಮೂರನ್ನೂ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಹೇಳುವುದಿಲ್ಲ. ಇದೇ ರೀತಿ ಕೆಲಸ ಮಾಡುವ ಸಂಸ್ಥೆಗಳು ಹಲವಿರುವುದರಿಂದ ಹೆಸರಿಗಿಂತ ಅವರ ಪದ್ಧತಿ ಗೊತ್ತಿರುವುದು ಹೆಚ್ಚು ಉಪಯೋಗ. ಸರ್ವೇಗೆ ಪೂರ್ಣ ಅಂಕ ಕೊಡುತ್ತೇನೆ, ಕೊಟೇಶನ್‌ಗೆ ಅರ್ಧ, ಸಾಗಣೆಗೆ ಅದಕ್ಕೂ ಸ್ವಲ್ಪ ಕಡಿಮೆ.

ನಮ್ಮ ಪರಿಸ್ಥಿತಿ ಗೊತ್ತಿಲ್ಲದೆ ಈ ಅಂಕಗಳು ಅರ್ಥವಾಗಲಾರವು. ಪತಿ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ತಯಾರಿಕೆಯ ಕೆಲಸದಲ್ಲಿ ಪಳಗಿದವರು. ಅದರ ಜೊತೆಗೇ ಹುಟ್ಟುವ ಕ್ಲೋರಿನ್ ಅನಿಲವನ್ನು ನಿಭಾಯಿಸಿ ಗೊತ್ತಿರುವ ಆಪರೇಟರುಗಳಿಗೆ ಗುಜರಾತಿನಲ್ಲಿ, ಅದರಲ್ಲೂ ಖಂಭಾತ್ ಕೊಲ್ಲಿಯ ದಡದ ದಹೇಜ್‌ನಲ್ಲಿ, ಒಳ್ಳೆಯ ಬೇಡಿಕೆಯಿದೆ. ಕಾರ್ಖಾನೆ ದಹೇಜ್‌ನಲ್ಲಿದ್ದರೂ ಸಂಸಾರ ಹೂಡುವವರು ಹೆಚ್ಚಾಗಿ ನರ್ಮದಾ ದಡದ ಭರೂಚ್ ನಗರದಲ್ಲಿ ಮನೆ ಮಾಡಿ, ದಿನವೂ ಕಂಪನಿ ಬಸ್ಸಿನಲ್ಲಿ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ಓಡಾಡುತ್ತಾರೆ. ಕಾರವಾರದಿಂದ ಭರೂಚ್ ರಸ್ತೆಯಲ್ಲಿ ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್. ಕೊಡಲೊಪ್ಪಿದ ಸಂಬಳ ಇಲ್ಲಿಯದರ ಒಂದೂವರೆ ಪಟ್ಟು. ಕೋಡಿಬಾಗದಲ್ಲಿ ನಮ್ಮದು ಸ್ವಂತ ಮನೆ, ಬಾಡಿಗೆಯ ಚಿಂತೆಯಿಲ್ಲ, ಮನೆಯಲ್ಲಿ ಅತ್ತೆಯವರಿದ್ದಾರೆ, ಮಗಳು ಎಂಟನೇ ತರಗತಿ, ನಾನು ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆ. ವಿಷಯ ಕೇಳಿದ ಬಂಧುಗಳೆಲ್ಲರೂ ಸಂಬಳದ ಅಂಕಿ ಕೇಳಿದ ಮರುಕ್ಷಣವೇ ಹೋಗಿ ಎಂದರು. ಮುಂದಿನ ಪ್ರಶ್ನೆಯನ್ನು ಅವರಲ್ಲಿ ಯಾರೂ ಕೇಳಲಿಲ್ಲ.

ಕಾರವಾರದಲ್ಲಿ ಈ ಸೇವೆ ಸಿಗುವುದು ಕಷ್ಟವೇನಲ್ಲ. ಅರಗಾದ ನೌಕಾನೆಲೆ, ಕೈಗಾ ಅಣುವಿದ್ಯುತ್ ಕೇಂದ್ರ ಮತ್ತು ಮಲ್ಲಾಪುರದ ಅದರ ವಸತಿ ಕಾಲೊನಿ, ಇವುಗಳ ದೆಸೆಯಿಂದ ನಮ್ಮದು ವರ್ಗಾವಣೆಯ ಊರು. ಪ್ರತಿ ಬೇಸಿಗೆಯಲ್ಲಿ ಎಷ್ಟೋ ಸಂಸಾರಗಳು ಇಲ್ಲಿಂದ ವಿಶಾಖಪಟ್ಟಣಕ್ಕೋ ಕೊಚ್ಚಿಗೋ ರಾವತ್‌ಭಾಟಾಕ್ಕೋ ಹೊರಡುತ್ತವೆ, ಅಷ್ಟೇ ಸಂಸಾರಗಳು ಬಂದಿಳಿಯುತ್ತವೆ. ಪ್ಯಾಕರ್ಸ್ ಸಂಸ್ಥೆಗಳಿಗೆ ಅನ್ನ ಹಾಕುವವರು ಇವರೇ. ಕೇಂದ್ರ ಸರ್ಕಾರಿ ನೌಕರರಿಗೆ ದೂರದ ವರ್ಗಾವಣೆಯಾದಾಗ ಏಳನೇ ವೇತನ ಆಯೋಗದ ನಿಯಮದಂತೆ ಕೊನೆಯ ತಿಂಗಳ ಮೂಲ ವೇತನದ ಶೇ. 80ರಷ್ಟು ವರ್ಗಾವಣೆ ಅನುದಾನ ದೊರೆಯುತ್ತದೆ, ಸಾಮಾನು ಸಾಗಣೆಯ ವೆಚ್ಚ ಬೇರೆ. ಹೋಗಬೇಕೋ ಬೇಡವೋ ಎಂಬ ಪ್ರಶ್ನೆ ಅವರ ಮುಂದೆ ಇರುವುದೇ ಇಲ್ಲ, ಆದೇಶ ಬಂದರೆ ಹೊರಡಬೇಕು. ಸ್ವಂತ ಇಚ್ಛೆಯಿಂದ, ಸ್ವಂತ ಹೊಣೆಯ ಮೇಲೆ ಹೊರಡುವ ನಮ್ಮಂಥವರು ಈ ಸಂಸ್ಥೆಗಳಿಗೆ ಅಪರೂಪದ ಗಿರಾಕಿಗಳು. ಅವರ ಸೇವೆಯ ಗುಣವೂ ದೋಷವೂ ಬಹುಪಾಲು ಇದರಿಂದಲೇ ಹುಟ್ಟಿವೆ ಎಂದು ನನಗೆ ಅನ್ನಿಸಿದೆ.

ಸರ್ವೇ ಉಚಿತ. ವಾಟ್ಸಾಪ್ ವಿಡಿಯೋದಲ್ಲೇ ಮನೆ ತೋರಿಸಿ ಎಂದು ಮೊದಲು ಕೇಳಿದರು. ಆಗದು, ಮನೆಗೇ ಬಂದು ನೋಡಬೇಕು ಎಂದು ಪಟ್ಟು ಹಿಡಿದೆವು. ಈ ಪಟ್ಟನ್ನು ಎಲ್ಲರೂ ಹಿಡಿಯಬೇಕು. ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದ ಯುವಕ, ನೌಕಾನೆಲೆಯ ಕ್ವಾರ್ಟರ್ಸ್‌ನಲ್ಲಿ ಬೇರೆ ಮನೆಗಳನ್ನು ಮುಗಿಸಿಕೊಂಡು ಮಧ್ಯಾಹ್ನ ನಮ್ಮಲ್ಲಿಗೆ ಬಂದ. ಅವನ ಕೈಯಲ್ಲಿ ಫೋನು, ಅದರಲ್ಲಿ ಸಾಮಾನಿನ ಪಟ್ಟಿ. ಒಂದೊಂದನ್ನು ಮುಟ್ಟಿದಂತೆ ಘನ ಅಡಿ ತಾನಾಗಿ ಕೂಡಿಕೊಳ್ಳುತ್ತಿತ್ತು. ಆದರೆ ನನಗೆ ಮೆಚ್ಚುಗೆಯಾದದ್ದು ಆ ಲೆಕ್ಕವಲ್ಲ. ಕಬ್ಬಿಣದ ಕಪಾಟಿನ ಮುಂದೆ ಮಂಡಿಯೂರಿ ಕುಳಿತು, ಟಾರ್ಚ್ ಹಚ್ಚಿ, ಅದರ ಹಿಂಬದಿಯ ಕಾಲನ್ನು ಉಗುರಿನಿಂದ ಕೆರೆದ. ಬಣ್ಣದ ಪದರದ ಜೊತೆಗೆ ಕಂದು ಹುಡಿ ನೆಲಕ್ಕುದುರಿತು. ವಾಶಿಂಗ್ ಮಶೀನಿನ ತಳ, ಫ್ರಿಜ್ಜಿನ ಹಿಂದಿನ ಜಾಲರಿ, ಹೊಲಿಗೆ ಯಂತ್ರದ ಪೆಡಲ್ ಎಲ್ಲವನ್ನೂ ಹಾಗೆಯೇ ನೋಡಿ, "ಮೇಡಂ, ಇವು ಇಲ್ಲಿ ನಿಂತಲ್ಲೇ ನಿಂತಿದ್ದರೆ ಇನ್ನೂ ನಾಲ್ಕು ವರ್ಷ ಬಾಳುತ್ತವೆ, ಲಾರಿ ಹತ್ತಿಸಿದರೆ ಅಲ್ಲಿ ಇಳಿಸುವಾಗ ಕಾಲು ನಮ್ಮ ಕೈಗೆ ಬರುತ್ತದೆ" ಎಂದ. ಸಾಮಾನು ಹೆಚ್ಚಿದಷ್ಟೂ ತನ್ನ ಸಂಸ್ಥೆಗೆ ಲಾಭವಿದ್ದರೂ ಅರ್ಧದಷ್ಟನ್ನು ಒಯ್ಯಬೇಡಿ ಎಂದು ಅವನೇ ಹೇಳಿದ್ದು ದೊಡ್ಡ ಮಾತು. ಕಡಲ ಗಾಳಿಯ ಉಪ್ಪು ಏನೆಲ್ಲ ತಿನ್ನುತ್ತದೆಂದು ಕಾರವಾರದವರಿಗೆ ಹೇಳಿಕೊಡಬೇಕಾಗಿಲ್ಲ. ಹಾಗೆ ತಿಂದುಳಿದದ್ದರಲ್ಲಿ ಸಾವಿರ ಕಿಲೋಮೀಟರ್ ಕುಲುಕಾಟ ತಡೆಯುವುದು ಎಷ್ಟು ಎಂಬುದು ಮಾತ್ರ ನಮಗೂ ಹೊಸ ವಿಷಯವಾಗಿತ್ತು.

ಅತ್ತೆಯವರ ಬೀಟೆಮರದ ಮಂಚದ ಬಳಿ ಅವನು ಸ್ವಲ್ಪ ಹೊತ್ತು ನಿಂತ. ಕೀಲು ಬಿಚ್ಚದ ಹೊರತು ಅದು ಬಾಗಿಲು ದಾಟದು, ಬಿಚ್ಚಿದರೆ ಹಳೆಯ ಬಡಗಿಯ ಕೆಲಸವಾದ್ದರಿಂದ ಮತ್ತೆ ಕೂಡುವ ಖಾತ್ರಿಯಿಲ್ಲ. ಪಟ್ಟಿಯಲ್ಲಿ ಅದನ್ನು ಸೇರಿಸಲೇ ಎಂದು ಕೇಳಿದಾಗ ಅತ್ತೆಯವರು ಒಳಗಿನಿಂದಲೇ, ಮಂಚ ಎಲ್ಲಿಯೋ ತಾವೂ ಅಲ್ಲಿಯೇ ಎಂದರು. ಅತ್ತೆಯವರು ಬರುತ್ತಾರೆಯೇ ಎಂದು ತಿಂಗಳಿಂದ ನಾವು ಸುತ್ತಿ ಬಳಸಿ ಕೇಳುತ್ತಿದ್ದ ಪ್ರಶ್ನೆ ಹೀಗೆ ಅಪರಿಚಿತನೊಬ್ಬನ ಫೋನಿನ ಪಟ್ಟಿಯಿಂದಾಗಿ ಬಗೆಹರಿಯಿತು.

ಒಯ್ಯಲಾಗದ ವಸ್ತುಗಳ ಪಟ್ಟಿಯನ್ನೂ ಅವನು ಸ್ಪಷ್ಟವಾಗಿ ಹೇಳಿದ. ಗ್ಯಾಸ್ ಸಿಲಿಂಡರ್ ಬೇಡ. ಅದನ್ನು ಏಜೆನ್ಸಿಗೆ ಹಿಂದಿರುಗಿಸಿ ವರ್ಗಾವಣೆ ಚೀಟಿ ಪಡೆದು ಅಲ್ಲಿ ಹೊಸದಾಗಿ ತೆಗೆದುಕೊಳ್ಳಬೇಕು. ಇನ್ವರ್ಟರ್ ಬ್ಯಾಟರಿ, ಸೀಮೆಎಣ್ಣೆ, ಪೇಂಟ್ ಡಬ್ಬ, ಗಿಡದ ಕುಂಡ ಬೇಡ. ಉಪ್ಪಿನಕಾಯಿ ಭರಣಿ ಬೇಡ. ಒಡೆದರೆ ಇತರರ ಸಾಮಾನೂ ಹಾಳು. ಒಣಮೀನನ್ನಂತೂ ಅವನು ಕೇಳದೆಯೇ ತಳ್ಳಿಹಾಕಿದ. ಅತಿ ಮುಖ್ಯವಾದ ಎಚ್ಚರಿಕೆಯೊಂದನ್ನು ದನಿ ತಗ್ಗಿಸಿ ಹೇಳಿದ. ಗೋವೆಯ ಗಡಿ ಮಾಜಾಳಿಯಲ್ಲೇ ಇರುವುದರಿಂದ ಕಾರವಾರದ ಮನೆಗಳ ಕಪಾಟಿನ ಮೂಲೆಯಲ್ಲಿ ಫೆನ್ನಿಯದೋ ಇನ್ನೊಂದರದೋ ಬಾಟಲಿ ಇರುವುದು ಸಹಜ. ಗುಜರಾತಿನಲ್ಲಿ ರಾಜ್ಯ ರಚನೆಯಾದ 1960ರಿಂದಲೂ ಪಾನನಿಷೇಧ ಜಾರಿಯಲ್ಲಿದೆ. ಪೆಟ್ಟಿಗೆಯಲ್ಲಿ ಒಂದು ಬಾಟಲಿ ಸಿಕ್ಕರೂ ತೊಂದರೆ ನಮ್ಮೊಬ್ಬರಿಗಲ್ಲ, ಲಾರಿಗೂ ಡ್ರೈವರಿಗೂ. ನಮ್ಮ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲವೆಂದು ಇಲ್ಲಿ ದಾಖಲಿಸುತ್ತೇನೆ.

ಎರಡು ದಿನದ ಮೇಲೆ ಕೊಟೇಶನ್ ಬಂತು. ಪೂರ್ತಿ ಮನೆಯನ್ನು ಪ್ರತ್ಯೇಕ ಲಾರಿಯಲ್ಲಿ ಒಯ್ಯಲು ಎಲ್ಲ ಸೇರಿ 70,000 ರೂಪಾಯಿಯ ಆಸುಪಾಸು. ಒಬ್ಬರಿಗೆ ಬೇಕಾದಷ್ಟನ್ನು ಬೇರೆಯವರ ಸಾಮಾನಿನ ಜೊತೆ ಪಾರ್ಟ್ ಲೋಡ್‌ನಲ್ಲಿ ಒಯ್ಯಲು 20,000ಕ್ಕೆ ಸ್ವಲ್ಪ ಕಡಿಮೆ. ಮೊತ್ತದ ಬಗ್ಗೆ ನನ್ನ ಆಕ್ಷೇಪವಿಲ್ಲ, ವಿವರಣೆಯ ಬಗ್ಗೆ ಇದೆ. ಸರ್ವೇಯಲ್ಲಿ ಕಂಡ ನೇರವಂತಿಕೆ ಕಾಗದದಲ್ಲಿ ಕಾಣಲಿಲ್ಲ. ಮೊದಲನೆಯದಾಗಿ 'ಚೆಕ್‌ಪೋಸ್ಟ್ ಮತ್ತು ಇ-ವೇ ಬಿಲ್ ವೆಚ್ಚ' ಎಂಬ ಸಾಲೊಂದಿತ್ತು. ಇ-ವೇ ಬಿಲ್ ಎಂದರೆ ಸರಕು ಸಾಗಿಸಲು ಸರ್ಕಾರಿ ಜಾಲತಾಣದಲ್ಲಿ ಪಡೆಯುವ ಚೀಟಿ. ಬಳಸಿದ ಮನೆ ಸಾಮಾನಿಗೆ ಜಿಎಸ್‌ಟಿ ನಿಯಮದ ಪ್ರಕಾರ ಅದು ಬೇಕಾಗಿಯೇ ಇಲ್ಲ, ಊರೊಳಗೆ ಬರುವ ಸರಕಿಗೆ ಸುಂಕ ವಸೂಲಿ ಮಾಡುತ್ತಿದ್ದ ಹಳೆಯ ಆಕ್ಟ್ರಾಯ್ ನಾಕೆಗಳೂ ಈಗಿಲ್ಲ. ಕೇಳಿದಾಗ ಮರುಮಾತಿಲ್ಲದೆ ಆ ಸಾಲನ್ನು ತೆಗೆದರು. ಕೇಳದಿದ್ದರೆ ಅದು ಉಳಿಯುತ್ತಿತ್ತು. ಎರಡನೆಯದು ಶಟಲ್ ಶುಲ್ಕ: ಕೋಡಿಬಾಗದ ನಮ್ಮ ಓಣಿಯೊಳಗೆ ದೊಡ್ಡ ಲಾರಿ ಬಾರದು, ಛೋಟಾ ಹಾಥಿ ಎಂಬ ಸಣ್ಣ ಸರಕು ಗಾಡಿಯಲ್ಲಿ ಹೆದ್ದಾರಿಯವರೆಗೆ ತಂದು ಅಲ್ಲಿ ಮತ್ತೆ ಹೇರಬೇಕು. ಇದು ನ್ಯಾಯವಾದ ಖರ್ಚು. ಮನೆಗೇ ಬಂದು ಸರ್ವೇ ಮಾಡಿದ್ದರಿಂದ ಮೊದಲೇ ಗೊತ್ತಾಯಿತು, ವಿಡಿಯೋ ಸರ್ವೇಯಾಗಿದ್ದರೆ ಹೇರುವ ದಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ಮೂರನೆಯದು ವಿಮೆ, ಇಲ್ಲಿಯೇ ಜನ ಹೆಚ್ಚಾಗಿ ಎಡವುವುದು. ಸಾಮಾನಿನ ಘೋಷಿತ ಮೌಲ್ಯದ ಮೇಲೆ ಶೇ. 3ರಷ್ಟು 'ಇನ್‌ಶೂರೆನ್ಸ್' ಎಂದು ಹಾಕಿದ್ದರು. ಯಾವ ವಿಮಾ ಕಂಪನಿಯ ಪಾಲಿಸಿ, ಅದರ ಸಂಖ್ಯೆ ಏನು ಎಂದು ಕೇಳಿದಾಗ, ಪಾಲಿಸಿ ಇಲ್ಲ, ಇದು ಎಫ್‌ಒವಿ (ಫ್ರೈಟ್ ಆನ್ ವ್ಯಾಲ್ಯೂ, ಅಂದರೆ ಸಾಮಾನಿನ ಮೌಲ್ಯದ ಮೇಲೆ ಸಾಗಣೆದಾರರೇ ಹಾಕುವ ಶುಲ್ಕ), ಹಾನಿಯಾದರೆ ಸಂಸ್ಥೆಯೇ ಕೊಡುತ್ತದೆ ಎಂಬ ಉತ್ತರ ಬಂತು. ಅಂದರೆ ಸಾಮಾನನ್ನು ಒಡೆಯುವವರೂ ಅವರೇ, ಒಡೆದದ್ದಕ್ಕೆ ಎಷ್ಟು ಕೊಡಬೇಕೆಂದು ನಿರ್ಣಯಿಸುವವರೂ ಅವರೇ. ಬೇರೆ ವಿಮಾ ಕಂಪನಿಯ ಹೆಸರಿನಲ್ಲಿ ಪಾಲಿಸಿ ಪ್ರತಿ ಕೊಡದ ಹೊರತು ಅದನ್ನು ವಿಮೆಯೆಂದು ಕರೆಯುವುದು ಸರಿಯಲ್ಲ. ನಾಲ್ಕನೆಯ ಸಂಗತಿ ಬರವಣಿಗೆಯಲ್ಲಿರಲಿಲ್ಲ. ಕಂಪನಿ ಸಾಗಣೆ ವೆಚ್ಚ ಕೊಡುತ್ತದೆಯೇ ಎಂದು ಕಚೇರಿಯಿಂದ ಫೋನ್ ಮಾಡಿದವರು ವಿಚಾರಿಸಿ, ಕೊಡುತ್ತದೆ ಎಂದ ಕೂಡಲೇ, ಬಿಲ್ ಎಷ್ಟರದ್ದು ಬೇಕು ಎಂದು ಕೇಳಿದರು. ಅಷ್ಟು ಸಹಜವಾಗಿ ಕೇಳಿದರೆಂದರೆ ದಿನಕ್ಕೆ ಎಷ್ಟು ಮಂದಿಗೆ ಕೇಳುತ್ತಾರೋ. ಸುಳ್ಳು ಬಿಲ್ ಕೊಟ್ಟು ಹೊಸ ಕೆಲಸ ಶುರು ಮಾಡುವ ಉದ್ದೇಶ ನಮಗಿರಲಿಲ್ಲ. ಬಿಲ್ಲಿನ ಮೇಲಿರುವ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಕರ್ನಾಟಕದಲ್ಲಿ ನೋಂದಣಿಯಾದದ್ದಾದರೆ 29ರಿಂದ ಆರಂಭವಾಗುತ್ತದೆ. ಪ್ಯಾಕಿಂಗ್ ಸೇರಿದ ಸೇವೆಗೆ ಶೇ. 18 ತೆರಿಗೆ ಎಂಬುದನ್ನೂ ಮೊದಲೇ ಗಮನದಲ್ಲಿಟ್ಟುಕೊಳ್ಳಬೇಕು; 'ಬಿಲ್ ಬೇಡವಾದರೆ ಕಡಿಮೆ' ಎಂಬ ದರವನ್ನು ಇನ್ನೊಂದು ಸಂಸ್ಥೆಯ ಬಿಲ್ ಸಹಿತ ದರದ ಜೊತೆ ಹೋಲಿಸಿ ಮೋಸಹೋಗುವವರು ಬಹಳ.

ಇಷ್ಟೆಲ್ಲ ದೋಷವಿದ್ದರೂ ನಮ್ಮ ತೀರ್ಮಾನಕ್ಕೆ ದಾರಿ ಮಾಡಿಕೊಟ್ಟದ್ದು ಈ ಕೊಟೇಶನ್ನೇ. ಅದಕ್ಕೆ ಕಾರಣ ನಾವು ಕೇಳಿದ ಇನ್ನೊಂದು ಕಾಗದ. ಕಾರವಾರದಿಂದ ಭರೂಚ್‌ಗೆ ದರ ಕೊಟ್ಟಿದ್ದೀರಿ, ಭರೂಚ್‌ನಿಂದ ಕಾರವಾರಕ್ಕೆ ಎಷ್ಟು ಎಂದು ಕೇಳಿದೆವು. ಇನ್ನೂ ಹೋಗದವರು ಬರುವ ದರ ಕೇಳುತ್ತಿದ್ದಾರಲ್ಲ ಎಂದು ಅವರಿಗೆ ನಗು ಬಂತು. ಆದರೆ ದೂರದ ಕೆಲಸದ ವಿಷಯದಲ್ಲಿ ನಿಜವಾದ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ. ಹೋಗುವ ಖರ್ಚನ್ನು ಕರೆಸಿಕೊಳ್ಳುವವರು ಕೊಡುತ್ತಾರೆ, ಬರುವ ಖರ್ಚನ್ನು ಯಾರೂ ಕೊಡುವುದಿಲ್ಲ. ಆ ಊರಿನಲ್ಲಿ ಈ ಸಂಸ್ಥೆಗೆ ಶಾಖೆಯಿಲ್ಲ. ಅಲ್ಲಿಯ ಬೇರೆ ಸಂಸ್ಥೆಯ ಮೂಲಕ ತರಿಸಬೇಕು. ಕಾರವಾರದ ಕಡೆಗೆ ಬರುವ ಲೋಡ್ ಅಲ್ಲಿಂದ ಸದಾ ಸಿಗುವುದಿಲ್ಲವಾದ್ದರಿಂದ ಲಾರಿ ಅರ್ಧ ಖಾಲಿ ಬರಬೇಕಾಗಬಹುದು. ಹೀಗಾಗಿ ದರ 80,000 ದಾಟಿತು. ಕೆಲಸದ ಪತ್ರದ ಕೊನೆಯ ಪುಟದಲ್ಲಿ, ಒಂದು ವರ್ಷದೊಳಗೆ ಕೆಲಸ ಬಿಟ್ಟರೆ ಕಂಪನಿ ಕೊಟ್ಟ ಸಾಗಣೆ ವೆಚ್ಚವನ್ನೂ ಸೇರುವಾಗ ಕೊಟ್ಟ ಬೋನಸ್ಸನ್ನೂ ಹಿಂದಿರುಗಿಸಬೇಕೆಂಬ ಕರಾರಿತ್ತು. ಇಂಥ ಕರಾರು ಈಗ ಬಹಳ ಕಡೆ ಇರುತ್ತದೆ, ಜನ ಮೊದಲ ಪುಟದ ಸಂಬಳ ನೋಡಿ ಅಲ್ಲಿಗೇ ನಿಲ್ಲುತ್ತಾರೆ. ಹೋಗುವ ದರ, ಬರುವ ದರ, ಹಿಂದಿರುಗಿಸಬೇಕಾದ ಹಣ, ಇಷ್ಟನ್ನೂ ಕೂಡಿ ನೋಡಿದಾಗ, ಮೊದಲ ವರ್ಷದಲ್ಲಿ ಅಲ್ಲಿ ಒಗ್ಗದೆ ಹಿಂದಿರುಗಿದರೆ ಬೀಳುವ ಪೆಟ್ಟು ಹೆಚ್ಚಿದ ಸಂಬಳದ ಹಲವು ತಿಂಗಳ ಉಳಿತಾಯವನ್ನು ನುಂಗುವಂತಿತ್ತು. ಅದೇ ಲೆಕ್ಕವನ್ನು ಪಾರ್ಟ್ ಲೋಡ್ ಇಟ್ಟುಕೊಂಡು ಮಾಡಿದಾಗ ಪೆಟ್ಟು ತಡೆದುಕೊಳ್ಳುವಷ್ಟಿತ್ತು. ಆದ್ದರಿಂದ ಕೆಲಸಕ್ಕೆ ಒಪ್ಪುವುದು, ಪತಿ ಒಬ್ಬರೇ ಹೋಗಿ ಪ್ರೊಬೇಷನ್ ಮುಗಿಸುವುದು, ಸಂಸಾರ ಹೊರಡುವ ಮಾತು ಆಮೇಲೆ ಎಂದು ತೀರ್ಮಾನಿಸಿದೆವು.

ಅವರ ಪಟ್ಟಿಯಲ್ಲಿ ಬಾರದ ಬಾಬುಗಳನ್ನು ನಾವೇ ಬೇರೆ ಹಾಳೆಯಲ್ಲಿ ಬರೆಯಬೇಕಾಯಿತು. ಸಾಮಾನು ಸಾಗಿಸುವವರಿಂದ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ನನ್ನ ಸಂಬಳಕ್ಕೆ ಅಲ್ಲಿ ಕಾಲಂ ಇರಲಿಲ್ಲ. ಒಂದೂವರೆ ಪಟ್ಟು ಎಂದು ಎಲ್ಲರೂ ಹೊಗಳಿದ ಸಂಬಳದಿಂದ ನನ್ನದನ್ನು ಕಳೆದು, ಭರೂಚ್‌ನ ಬಾಡಿಗೆಯನ್ನೂ ಕಳೆದರೆ ಉಳಿಯುವುದು ಈಗಿನದಕ್ಕಿಂತ ಅಂಥ ಹೆಚ್ಚೇನಲ್ಲ. ಮಗಳ ಓದಿನ ವಿಷಯ ಇನ್ನೂ ಸೂಕ್ಷ್ಮ. ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸರ್ಕಾರಿ ಕೋಟಾ ಸೀಟಿಗೆ ಪರೀಕ್ಷಾ ಪ್ರಾಧಿಕಾರದ ಮುಖ್ಯ ನಿಯಮದಂತೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು, ಜೊತೆಗೆ ಹತ್ತನೆಯದನ್ನೋ ಹನ್ನೆರಡನೆಯದನ್ನೋ ಇಲ್ಲಿಯೇ ಪಾಸಾಗಿರಬೇಕು. ಏಳು ವರ್ಷ ಅವಳಿಗೆ ಆಗಿದೆ. ಹತ್ತನೆಯದನ್ನು ಗುಜರಾತಿನಲ್ಲಿ ಬರೆದರೆ ಪಿಯುಸಿಗೆ ಮರಳಿ ಬರಲೇಬೇಕು. ಬೇರೆ ಉಪನಿಯಮಗಳೂ ಇವೆ, ಆದರೆ ಅವುಗಳಿಗೆ ತಂದೆ ತಾಯಿಯರ ಓದಿನ, ಸೇವೆಯ ದಾಖಲೆ ಬೇಕು. ಚಿಕ್ಕ ಮಕ್ಕಳಿರುವವರು ಇನ್ನೊಂದನ್ನು ತಿಳಿದಿರಬೇಕು: ಗುಜರಾತಿನಲ್ಲಿ 2023ರ ಕಾನೂನಿನಂತೆ ಒಂದರಿಂದ ಎಂಟನೇ ತರಗತಿಯವರೆಗೆ ಗುಜರಾತಿ ಕಲಿಕೆ ಕಡ್ಡಾಯ. ಸ್ಕೂಟರ್ ಇಲ್ಲಿಯೇ ಉಳಿಯಿತು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ಆರ್‌ಟಿಒದಿಂದ ಎನ್ಒಸಿ ತಂದು ಅಲ್ಲಿ ಹೊಸ ನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕು, ಹಳೆಯ ಸ್ಕೂಟರ್‌ಗೆ ಅಷ್ಟು ಓಡಾಟ ಲಾಭವಿಲ್ಲ. ಮನೆಗೆ ಬೀಗ ಹಾಕಿ ಎಲ್ಲರೂ ಹೊರಟುಬಿಟ್ಟರೆ ಒಂದೇ ಮಳೆಗಾಲದಲ್ಲಿ ಹಂಚಿನ ಮಾಡಿನ ಗತಿ ಏನಾಗುತ್ತದೆಂಬುದು ಕರಾವಳಿಯವರಿಗೆ ಗೊತ್ತು.

'ರೀಲೊಕೇಶನ್ ಪ್ಯಾಕೇಜ್' ಎಂಬ ಹೆಸರಿನಲ್ಲಿ ಭರೂಚ್‌ನಲ್ಲಿ ಬಾಡಿಗೆ ಮನೆ ಹುಡುಕಿಕೊಡುವುದಾಗಿಯೂ ಅವರು ಹೇಳಿದ್ದರು. ಫೋನಿನಲ್ಲಿ ನಾಲ್ಕು ಫೋಟೋ ಕಳಿಸುವುದಕ್ಕೆ ಒಂದು ತಿಂಗಳ ಬಾಡಿಗೆಯಷ್ಟು ಶುಲ್ಕ. ಬೇಡವೆಂದೆವು. ಪತಿಯ ಹೊಸ ಸಹೋದ್ಯೋಗಿಯೊಬ್ಬರು ಕಂಪನಿ ಬಸ್ ನಿಲ್ಲುವ ಜಾಗದ ಸಮೀಪವೇ ಒಂದು ಕೋಣೆ ನೋಡಿಕೊಟ್ಟರು.

ಇನ್ನು ಸಾಗಣೆಯ ಮಾತು. ಮಳೆಗಾಲ ಮುಗಿಯಲಿ ಎಂದು ಸಂಸ್ಥೆಯವರೇ ಹೇಳಿದ್ದರು, ಅದು ಒಳ್ಳೆಯ ಸಲಹೆ. ಉತ್ತರಕ್ಕೆ ಹೋಗುವ ಅವರ ಲೋಡ್ ಗೋವೆಯ ಮೇಲೆ ಹೋಗದೆ ಅಂಕೋಲಾ, ಯಲ್ಲಾಪುರದ ಮೂಲಕ ಹುಬ್ಬಳ್ಳಿ ಗೋದಾಮಿಗೆ ಹೋಗಿ, ಅಲ್ಲಿ ಬೇರೆ ಸಾಮಾನಿನೊಂದಿಗೆ ಸೇರಿ, ಪುಣೆ, ಸೂರತ್ ಹಾದು ಭರೂಚ್ ತಲುಪುತ್ತದೆ. ಅಂಕೋಲಾ ದಾಟಿದರೆ ಅರಬೈಲ್ ಘಟ್ಟ. 2021ರ ಜುಲೈನಲ್ಲಿ ಅಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಗಿತ್ತು. 2024ರ ಜುಲೈ 16ರ ಶಿರೂರು ದುರಂತದ ನಂತರವಂತೂ ಮಳೆಯಲ್ಲಿ ನಮ್ಮ ಜಿಲ್ಲೆಯ ಹೆದ್ದಾರಿಯ ಮೇಲೆ ಸಾಮಾನು ಕಳಿಸಲು ಯಾರಿಗೂ ಧೈರ್ಯವಿಲ್ಲ. ದೀಪಾವಳಿಯ ನಂತರದ ದಿನ ಗೊತ್ತು ಮಾಡಿದೆವು. ಪ್ಯಾಕಿಂಗ್‌ಗೆ ಬಂದ ಮೂವರೂ ಕೆಲಸ ಬಲ್ಲವರು: ಗಾಜು ಮತ್ತು ಪಿಂಗಾಣಿಗೆ ಬಬಲ್ ಶೀಟು, ಮರಕ್ಕೆ ರಟ್ಟಿನ ಹಾಳೆ, ಎಲ್ಲದರ ಮೇಲೆ ಸುತ್ತುವ ಪ್ಲಾಸ್ಟಿಕ್ಕು, ಪ್ರತಿ ಪೆಟ್ಟಿಗೆಗೂ ಸಂಖ್ಯೆ. ಆ ಸಂಖ್ಯೆಗಳನ್ನೂ ಒಳಗಿನ ವಸ್ತುಗಳನ್ನೂ ನಮ್ಮ ಪ್ರತಿಯಲ್ಲಿ ಬರೆದು ಸಹಿ ಮಾಡಿಕೊಡಿ ಎಂದಾಗ ತಕರಾರಿಲ್ಲದೆ ಮಾಡಿದರು. ಚಹಾ ಕೊಟ್ಟಾಗ ಕುಡಿದರು, ಟಿಪ್ಸ್ ಕೇಳಲಿಲ್ಲ.

ತೊಂದರೆ ಶುರುವಾದದ್ದು ಹುಬ್ಬಳ್ಳಿಯ ನಂತರ. ಒಂದು ವಾರದಲ್ಲಿ ತಲುಪುತ್ತದೆಂದು ಹೇಳಿದ ಸಾಮಾನು ಗುಜರಾತಿನ ಕಡೆಯ ಲೋಡ್ ತುಂಬುವವರೆಗೆ ಗೋದಾಮಿನಲ್ಲೇ ಕುಳಿತಿತ್ತು. ಪಾರ್ಟ್ ಲೋಡ್ ಎಂದರೆ ಕಾಯುವುದೇ ಎಂಬುದನ್ನು ಒಪ್ಪುತ್ತೇನೆ, ಆದರೆ ಅದನ್ನು ಮೊದಲೇ ಹೇಳಬೇಕಿತ್ತು. ಹೊಸ ಊರಿನಲ್ಲಿ ಪಾಳಿಯ ಕೆಲಸಕ್ಕೆ ಸೇರಿದ ಮನುಷ್ಯ ಹಾಸಿಗೆಯಿಲ್ಲದೆ ನೆಲದ ಮೇಲೆ ಚಾದರ ಹಾಸಿ ಮಲಗಿ, ದಿನವೂ ಸಂಜೆ ಫೋನ್ ಮಾಡಿ, ದಿನವೂ 'ನಾಳೆ ಹೊರಡುತ್ತದೆ' ಎಂಬ ಉತ್ತರ ಕೇಳಿದರು. ಸಾಮಾನು ಬರುವ ಹೊತ್ತಿಗೆ ಹೇಳಿದ ಅವಧಿಯ ಎರಡರಷ್ಟು ಕಳೆದಿತ್ತು. ಇಳಿಸುವ ಹುಡುಗರು ಕಾರವಾರದವರಲ್ಲ, ಅಲ್ಲಿಯ ದಿನಗೂಲಿಯವರು. ಪಟ್ಟಿಯನ್ನು ನೋಡುವ ವ್ಯವಧಾನ ಅವರಿಗಿರಲಿಲ್ಲ. ಚಿಕ್ಕ ಕಪಾಟಿನ ಒಂದು ಕಾಲು ಬಾಗಿತ್ತು, ಮಿಕ್ಸರ್ ಜಾರ್ ಇದ್ದ ಪೆಟ್ಟಿಗೆ ಬರಲೇ ಇಲ್ಲ.

ಇಲ್ಲಿ ನಮ್ಮನ್ನು ಕಾಪಾಡಿದ್ದು ಕಾರವಾರದಲ್ಲಿ ಮಾಡಿಸಿಕೊಂಡ ಸಹಿಯ ಪಟ್ಟಿ. ಡೆಲಿವರಿ ಚೀಟಿಗೆ ಸಹಿ ಹಾಕುವ ಮೊದಲು ಕೊರತೆಯನ್ನೂ ಹಾನಿಯನ್ನೂ ಅದರ ಮೇಲೆಯೇ ಬರೆದು ಫೋಟೋ ತೆಗೆದುಕೊಳ್ಳಿ ಎಂದು ಪತಿಗೆ ಹೇಳಿದ್ದೆ. 'ಸರಿಯಾಗಿ ತಲುಪಿದೆ' ಎಂಬ ಮುದ್ರಿತ ಸಾಲಿನ ಕೆಳಗೆ ಸುಮ್ಮನೆ ಸಹಿ ಹಾಕಿದರೆ ಆಮೇಲೆ ಮಾತನಾಡುವ ಹಕ್ಕು ಅರ್ಧ ಹೋದಂತೆ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಸಾಮಾನು ನಷ್ಟವಾದರೆ ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು, ಕೊಡದಿದ್ದರೆ ದಾವೆ ಹೂಡಲಾಗದು. ನಾವು ಬಿಲ್ಟಿಯ (ಸಾಮಾನು ಹೇರಿದಾಗ ಸಂಸ್ಥೆ ಕೊಡುವ ಸಾಗಣೆ ರಸೀದಿಯ) ಸಂಖ್ಯೆ ನಮೂದಿಸಿ ನೋಟಿಸ್ ಕಳಿಸಿದೆವು. ಮೊದಲು ಬಂದ ಉತ್ತರ, ಮುಂದಿನ ಸಾಗಣೆಯಲ್ಲಿ ರಿಯಾಯಿತಿ ಕೊಡುತ್ತೇವೆ ಎಂಬುದು. ಕಳೆದುಹೋದ ಜಾರಿಗೆ ಬದಲಾಗಿ ಅದೇ ಸಂಸ್ಥೆಗೆ ಇನ್ನೂ ದೊಡ್ಡ ಲೋಡ್ ಒಪ್ಪಿಸುವಂತೆ ಕೇಳುವ ಈ ಉತ್ತರ ನನಗೆ ಬಹಳ ಸಿಟ್ಟು ತರಿಸಿತು. ಎರಡನೆಯ ಪತ್ರದ ನಂತರ ಜಾರಿನ ಬೆಲೆ ಖಾತೆಗೆ ಬಂತು. ಕಪಾಟಿನ ಕಾಲಿಗೆ, ಮೊದಲೇ ತುಕ್ಕು ಹಿಡಿದಿತ್ತೆಂದು ಸರ್ವೇ ಟಿಪ್ಪಣಿ ತೋರಿಸಿ, ಏನೂ ಕೊಡಲಿಲ್ಲ. ಆ ಟಿಪ್ಪಣಿ ನಿಜವೇ ಆದ್ದರಿಂದ ಅಲ್ಲಿಗೆ ಬಿಟ್ಟೆವು.

ಸಂಸಾರ ಪೂರ್ತಿ ಹೊರಡುವ ಸಂದರ್ಭ ಬಂದರೆ ಇದೇ ಸಂಸ್ಥೆಯನ್ನು ಕರೆಸುತ್ತೇನೆಯೇ? ಸರ್ವೇಗೆ ಖಂಡಿತ, ಅದೇ ಯುವಕ ಬರುವುದಾದರೆ. ಸಾಗಣೆಗೆ ಪಾರ್ಟ್ ಲೋಡ್ ಮಾತ್ರ ಬೇಡ. ಪ್ರತ್ಯೇಕ ಲಾರಿ, ಕಾರವಾರದಲ್ಲಿ ಹೇರಿದ ಸಾಮಾನು ಹುಬ್ಬಳ್ಳಿಯಲ್ಲಿ ಇಳಿಯಬಾರದೆಂಬ ಷರತ್ತು ಬಿಲ್ಟಿಯ ಮೇಲೆಯೇ, ಮತ್ತು ವಿಮಾ ಕಂಪನಿಯ ಹೆಸರಿನ ಪಾಲಿಸಿ. ಹಾಗಲ್ಲದಿದ್ದರೆ ಇನ್ನೊಂದು ಸಂಸ್ಥೆಯಿಂದ ದರ ತರಿಸಬೇಕು. ನಮ್ಮಂತೆ ಕೆಲಸದ ಪತ್ರ ಕೈಯಲ್ಲಿ ಹಿಡಿದು ಯೋಚಿಸುತ್ತಿರುವವರು ಸರ್ವೇಗೆ ಜನವರಿ, ಫೆಬ್ರುವರಿಯಲ್ಲೇ ಕರೆ ಮಾಡುವುದು ಒಳ್ಳೆಯದು. ಏಪ್ರಿಲ್‌ನಿಂದ ನೌಕಾನೆಲೆ ಮತ್ತು ಕೈಗಾದ ವರ್ಗಾವಣೆಗಳು ಆರಂಭವಾದರೆ ಇವರು ಮನೆಗೆ ಬರುವುದನ್ನೇ ಬಿಟ್ಟು ಎಲ್ಲರಿಗೂ ವಿಡಿಯೋ ಸರ್ವೇ ಎನ್ನುತ್ತಾರೆ, ದರವೂ ಏರುತ್ತದೆ. ಬರುವಾಗಿನ ದರವನ್ನು ಫೋನಿನಲ್ಲಿ ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಇಮೇಲ್‌ನಲ್ಲಿ ಕೇಳಿದರೆ ಕೊಡುತ್ತಾರೆ.